ಗಾಲ್ಫ್ ಆಡುವವರಿಗೆ ಏನು ಉಡುಗೊರೆ ಕೊಡೋದು? ಮಲೆನಾಡಿನ ಮನೆಯವರಿಗೆ ಒಂದು ಮಾರ್ಗದರ್ಶಿ

ಹುಡುಗನಿಗೆ ಕ್ರಿಕೆಟ್ ಬ್ಯಾಟ್ ಬೇಕೆಂದರೆ ಶಿವಮೊಗ್ಗದಲ್ಲಿ ಅರ್ಧ ಗಂಟೆಯ ಕೆಲಸ. ನೆಹರೂ ರಸ್ತೆಗೆ ಹೋಗಿ, ನಾಲ್ಕು ಬ್ಯಾಟ್ ಎತ್ತಿ ನೋಡಿ, ಒಂದನ್ನು ಹಿಡಿದುಕೊಂಡು ಬಂದರಾಯಿತು. ಗಾಲ್ಫ್ ಸಾಮಾನು ಹಾಗಲ್ಲ. ಎತ್ತಿ ನೋಡಿದರೂ ನಮಗೆ ಏನೂ ಗೊತ್ತಾಗುವುದಿಲ್ಲ. ಆದರೆ ಗಾಲ್ಫ್ ಹಚ್ಚಿಕೊಂಡವರು ಈಗ ನಮ್ಮ ಮನೆಗಳಲ್ಲೂ ಇದ್ದಾರೆ. ಸೇನೆಯಿಂದ ನಿವೃತ್ತರಾಗಿ ಬಂದ ಭಾವ, ಕೊಪ್ಪದ ಕಡೆ ಕಾಫಿ ತೋಟ ಇರುವ ಚಿಕ್ಕಪ್ಪ, ಬೆಂಗಳೂರಿನ ಆಫೀಸಿನವರ ಜೊತೆ ಸೇರಿ ಆಟ ಶುರು ಮಾಡಿದ ಅಳಿಯ. ಇವರ ಹುಟ್ಟುಹಬ್ಬವೋ ಅರವತ್ತರ ಶಾಂತಿಯೋ ಬಂದಾಗ ಮನೆಯವರಿಗೆ ತಲೆಬಿಸಿ.

ನನ್ನ ಲೆಕ್ಕ ಸರಳ. ಮೈ ಅಳತೆಗೆ ಹೊಂದಬೇಕಾದ ವಸ್ತುವನ್ನು ಅವರೇ ಕೊಳ್ಳಲಿ. ಆಡಿದಂತೆ ಖರ್ಚಾಗುವ ವಸ್ತು, ನಮ್ಮ ಮಳೆಯಿಂದ ಸಾಮಾನು ಕಾಪಾಡುವ ವಸ್ತು, ಇವೆರಡನ್ನು ನೀವು ಕೊಡಿ.

ಹೆಜ್ಜೆ 1: ಮೊದಲು ಅವರ ಬ್ಯಾಗ್ ನೋಡಿ

ಗಾಲ್ಫ್ ಬ್ಯಾಗ್ ಸಾಮಾನ್ಯವಾಗಿ ಜಗಲಿಯ ಮೂಲೆಯಲ್ಲೋ ಕಾರಿನ ಡಿಕ್ಕಿಯಲ್ಲೋ ಇರುತ್ತದೆ. ಅವರು ಸ್ನಾನಕ್ಕೆ ಹೋದಾಗ ಒಮ್ಮೆ ಜಿಪ್ ತೆಗೆದು ನೋಡಿ. ಮನೆಯವರೇ ಅಲ್ವಾ, ತಪ್ಪೇನಿಲ್ಲ. ಮೊಬೈಲಿನಲ್ಲಿ ಒಂದಷ್ಟು ಫೋಟೊ ತೆಗೆದುಕೊಳ್ಳಿ: ಚೆಂಡಿನ ಮೇಲೆ ಅಚ್ಚಾದ ಕಂಪನಿ ಮತ್ತು ಮಾದರಿಯ ಹೆಸರು, ಗ್ಲೌಸಿನ ಸೈಜು, ಶೂ ಸೈಜು ಮತ್ತು ಅದರ ಅಡಿಭಾಗ, ಕ್ಲಬ್‌ಗಳ (ಚೆಂಡು ಹೊಡೆಯುವ ಕೋಲುಗಳ) ಹಿಡಿಕೆ.

ಗ್ಲೌಸ್ ಯಾವ ಕೈಯದು ಅನ್ನೋದನ್ನು ಮರೆಯದೆ ನೋಡಿ. ಬಲಗೈ ಆಟಗಾರರು ಗ್ಲೌಸ್ ಹಾಕುವುದು ಎಡಗೈಗೆ, ಅದೂ ಒಂದೇ ಕೈಗೆ. ಅಂಗಡಿಯಲ್ಲಿ "ಅವರು ಬಲಗೈ" ಎಂದು ಹೇಳಿ ಬಲಗೈಯ ಗ್ಲೌಸ್ ಕಟ್ಟಿಸಿಕೊಂಡು ಬರುವವರು ಜಾಸ್ತಿ. ಇನ್ನೊಂದು ವಿಷಯ, ಬಲಗೈಯಲ್ಲಿ ಬರೆಯುವವರೆಲ್ಲ ಬಲಗೈ ಗಾಲ್ಫರ್ ಆಗಿರಬೇಕಿಲ್ಲ. ಬಲಗೈಯಲ್ಲಿ ಬೌಲ್ ಮಾಡಿ ಎಡಗೈ ಬ್ಯಾಟಿಂಗ್ ಮಾಡುವವರು ಇಲ್ವಾ, ಇಲ್ಲೂ ಹಾಗೇ.

ಬ್ಯಾಗ್ ಸಿಗದಿದ್ದರೆ ನೇರವಾಗಿ ಕೇಳಿಬಿಡಿ.

"ಭಾವ, ಯಾವ ಚೆಂಡಲ್ಲಿ ಆಡ್ತೀರಿ ನೀವು?"

"ಯಾವುದಾದ್ರೇನು ಮಾರಾಯ, ಎಲ್ಲಾ ಕೊನೆಗೆ ಕಾಫಿ ಗಿಡದ ಬುಡಕ್ಕೇ ಹೋಗೋದು."

ಇಷ್ಟು ಸಾಕು. ಈ ಭಾವನಿಗೆ ದುಬಾರಿ ಚೆಂಡು ಬೇಡ, ಜಾಸ್ತಿ ಚೆಂಡು ಬೇಕು.

ಹೆಜ್ಜೆ 2: ಕ್ಲಬ್ ಕೊಳ್ಳುವ ಆಸೆ ಬಿಡಿ

ಉಡುಗೊರೆ ಎಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಫಳಫಳ ಹೊಳೆಯುವ ಡ್ರೈವರ್, ಅಂದರೆ ಚೆಂಡನ್ನು ಅತಿ ದೂರ ಹೊಡೆಯುವ ಕ್ಲಬ್. ಸಾವಿರಾರು ರೂಪಾಯಿ ಕೊಟ್ಟು ತಂದದ್ದು ಮೂಲೆ ಸೇರುವುದೂ ಅದೇ.

ಒಂದೊಂದು ಕ್ಲಬ್ಬಿಗೂ ಉದ್ದ, ತಲೆಯ ಕೋನ, ಹಿಡಿಕೆಯ ದಪ್ಪ, ಶಾಫ್ಟಿನ (ತಲೆಗೂ ಹಿಡಿಕೆಗೂ ನಡುವಿನ ಕೋಲಿನ) ಬಳುಕು ಎಂದು ನಾಲ್ಕೈದು ಅಳತೆ ಇರುತ್ತವೆ. ಬಳುಕಿನಲ್ಲೇ ಲೇಡೀಸ್, ಸೀನಿಯರ್, ರೆಗ್ಯುಲರ್, ಸ್ಟಿಫ್, ಎಕ್ಸ್‌ಟ್ರಾ ಸ್ಟಿಫ್ ಎಂಬ ದರ್ಜೆಗಳು. ನಿಧಾನವಾಗಿ ಬೀಸುವವರಿಗೆ ಗಟ್ಟಿ ಶಾಫ್ಟ್ ಕೊಟ್ಟರೆ ಚೆಂಡು ಮೇಲೇಳುವುದೇ ಇಲ್ಲ. ಇನ್ನೊಬ್ಬರ ಕನ್ನಡಕ ಹಾಕಿಕೊಂಡ ಹಾಗೆ, ವಸ್ತು ಒಳ್ಳೆಯದೇ, ಉಪಯೋಗ ಇಲ್ಲ.

ನಿಯಮವೂ ಅಡ್ಡ ಬರುತ್ತದೆ. ಒಂದು ಸುತ್ತಿಗೆ ಬ್ಯಾಗಿನಲ್ಲಿ 14 ಕ್ಲಬ್‌ಗಿಂತ ಹೆಚ್ಚು ಇರಬಾರದು. ಅವರ ಬ್ಯಾಗ್ ಆಗಲೇ ತುಂಬಿದ್ದರೆ ನೀವು ಕೊಟ್ಟ ಹದಿನೈದನೆಯದಕ್ಕೆ ಜಾಗ ಮಾಡಲು ಒಂದನ್ನು ಮನೆಯಲ್ಲಿ ಬಿಟ್ಟು ಹೋಗಬೇಕು. ಯಾವುದನ್ನು ಬಿಡುತ್ತಾರೆ ಅಂತ ನಿಮಗೂ ಗೊತ್ತು.

ಪಟ್ಟರ್ ತಂಟೆಗಂತೂ ಹೋಗಲೇಬೇಡಿ. ಚೆಂಡನ್ನು ಉರುಳಿಸಿ ಹೋಲಿಗೆ (ಗುಂಡಿಗೆ) ಬೀಳಿಸುವ ಕ್ಲಬ್ ಅದು, ಆ ಹೊಡೆತಕ್ಕೆ ಪಟ್ ಎನ್ನುತ್ತಾರೆ. ಪ್ರತಿ ಹೋಲಿಗೂ ಇಷ್ಟು ಹೊಡೆತ ಎಂಬ ನಿಗದಿ ಇರುತ್ತದೆ, ಅದೇ ಪಾರ್. ಆ ಲೆಕ್ಕದಲ್ಲಿ ಎರಡು ಪಟ್ ಸೇರಿಯೇ ಇರುತ್ತದೆ. ಅಂದರೆ 18 ಹೋಲ್‌ಗಳ, ಪಾರ್ 72ರ ಮೈದಾನದಲ್ಲಿ 36 ಹೊಡೆತ ಪಟ್ಟರಿನದೇ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದದ್ದು ನೆನಪಿದೆಯಲ್ಲ? ದೂರ ಹೊಡೆಯುವುದರಲ್ಲಿ ಅವರು ಉಳಿದವರಿಗಿಂತ ಹಿಂದೆಯೇ ಇದ್ದರು. ಪದಕದ ಹತ್ತಿರಕ್ಕೆ ಕರೆದುಕೊಂಡು ಹೋದದ್ದು ಪಟ್ಟರ್. ಅಂಥ ವಸ್ತುವನ್ನು ಗಾಲ್ಫರ್‌ಗಳು ಸ್ವಂತ ಕೈಯಲ್ಲಿ ಹಿಡಿದು ನೋಡಿಯೇ ಆರಿಸಬೇಕು, ವರ್ಷಗಟ್ಟಲೆ ಬದಲಾಯಿಸುವುದೂ ಇಲ್ಲ.

ಅಷ್ಟಾಗಿಯೂ ಕ್ಲಬ್ಬೇ ಕೊಡಬೇಕು ಎಂಬ ಹಟ ಇದ್ದರೆ, ಅಂಗಡಿಯ ಗಿಫ್ಟ್ ವೋಚರ್ ಕೊಟ್ಟು ಫಿಟ್ಟಿಂಗ್‌ಗೆ ಕಳಿಸಿ. ಅಲ್ಲಿ ಅವರ ಎತ್ತರ, ಬೀಸುವ ವೇಗ ಎಲ್ಲ ಅಳೆದು ಹೊಂದುವುದನ್ನು ಹೇಳುತ್ತಾರೆ.

ಕ್ಲಬ್ಬಿಗೆ ಸಂಬಂಧಪಟ್ಟು ನೀವು ಧೈರ್ಯವಾಗಿ ಕೊಡಬಹುದಾದ್ದು ಒಂದಿದೆ, ಹೊಸ ಗ್ರಿಪ್. ಹಿಡಿಕೆಯ ರಬ್ಬರ್ ಸವೆದು ನುಣುಪಾಗುತ್ತದೆ. ವಾರವಾರ ಆಡುವವರಿಗೆ ವರ್ಷಕ್ಕೊಮ್ಮೆ ಬದಲಾಯಿಸಿದರೆ ಒಳ್ಳೆಯದು. ಆದರೆ ಯಾರೂ ಬದಲಾಯಿಸುವುದಿಲ್ಲ, ನಾಳೆ ನೋಡೋಣ ಎನ್ನುತ್ತಲೇ ಇರುತ್ತಾರೆ. ಇಡೀ ಸೆಟ್ಟಿಗೆ ಗ್ರಿಪ್ ಹಾಕಿಸಿಕೊಟ್ಟರೆ ಹಳೆಯ ಕ್ಲಬ್ಬೇ ಹೊಸದಾದಂತೆ. ಬೆರಳಿನ ಗಂಟು ನೋಯುವ ಹಿರಿಯರಿಗೆ ಒಂದು ಸೈಜ್ ದಪ್ಪದ ಗ್ರಿಪ್ ಹಾಕಿಸಿದರೆ ಬಿಗಿಯಾಗಿ ಹಿಡಿಯುವ ಕಷ್ಟ ತಪ್ಪುತ್ತದೆ. ಇದನ್ನು ಮಾತ್ರ ಅವರನ್ನು ಕೇಳಿಯೇ ಮಾಡಿಸಿ.

ಹೆಜ್ಜೆ 3: ಚೆಂಡು ಆರಿಸಿ

ಯಾರೂ ಬೇಡ ಎನ್ನದ ಉಡುಗೊರೆ ಇದು. ಆಡಿದವರು ಕಳೆದುಕೊಳ್ಳಲೇಬೇಕು. ನಮ್ಮ ಕಡೆಯಂತೂ ಮೈದಾನದ ಪಕ್ಕದಲ್ಲಿ ಕಾಫಿ ಗಿಡ, ಕುರುಚಲು, ಇಳಿಜಾರು. 2019ರಿಂದ ಚೆಂಡು ಹುಡುಕಲು ಮೂರೇ ನಿಮಿಷ, ಅಷ್ಟರಲ್ಲಿ ಸಿಗದಿದ್ದರೆ ಕಳೆದುಹೋದಂತೆ. ಮೊದಲು ಐದು ನಿಮಿಷ ಇತ್ತು.

ನಿಯಮದ ಪ್ರಕಾರ ಚೆಂಡಿನ ಅಡ್ಡಳತೆ 42.67 ಮಿ.ಮೀ.ಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಂ ಮೀರಬಾರದು. ಹೊರಗಿಂದ ನೋಡಲು ಎಲ್ಲ ಒಂದೇ. ವ್ಯತ್ಯಾಸ ಇರುವುದು ಹೊದಿಕೆಯಲ್ಲಿ ಮತ್ತು ಒಳಗಿನ ಪದರಗಳಲ್ಲಿ. ಎರಡು ಪದರದ, ಗಟ್ಟಿ ಹೊದಿಕೆಯ ಚೆಂಡು ಅಗ್ಗ, ದೂರ ಹೋಗುತ್ತದೆ, ಕಲ್ಲಿಗೆ ತಾಗಿದರೂ ಬೇಗ ಕೀಳುವುದಿಲ್ಲ. ಟೈಟ್ಲಿಸ್ಟ್ ಪ್ರೊ ವಿ1 ಥರದ, ಮೆತ್ತನೆಯ ಯುರೆಥೇನ್ ಹೊದಿಕೆಯ ಚೆಂಡು ಗ್ರೀನ್ (ಹೋಲಿನ ಸುತ್ತಲಿನ ನುಣುಪು ಹುಲ್ಲುಹಾಸು) ಹತ್ತಿರದ ಸಣ್ಣ ಹೊಡೆತಗಳಲ್ಲಿ ಚೆನ್ನಾಗಿ ತಿರುಗಿ ಬೇಗ ನಿಲ್ಲುತ್ತದೆ. ಬೆಲೆ ಎರಡರಷ್ಟೋ ಮೂರರಷ್ಟೋ. ಆ ತಿರುಗಣೆಯನ್ನು ಬಳಸಿಕೊಳ್ಳುವಷ್ಟು ಆಟ ಪಳಗಿದವರಿಗೆ ಮಾತ್ರ ಅದು. ಹೊಸಬರಿಗೆ ಅದೇ ತಿರುಗಣೆ ಚೆಂಡನ್ನು ಪಕ್ಕಕ್ಕೂ ಎಳೆದುಕೊಂಡು ಹೋಗಬಹುದು.

ಹೀಗೆ ಮಾಡಿ: ಬ್ಯಾಗಿನಲ್ಲಿ ಒಂದೇ ಮಾದರಿಯ ಚೆಂಡುಗಳಿದ್ದರೆ ಕಣ್ಣು ಮುಚ್ಚಿ ಅದನ್ನೇ ಒಂದು ಡಜನ್ ತನ್ನಿ. ಹತ್ತು ಕಂಪನಿಯ ಹತ್ತು ಚೆಂಡು ಇದ್ದರೆ ಅವರಿಗೆ ಯಾವುದಾದರೂ ಆದೀತು ಎಂದರ್ಥ, ಎರಡು ಪದರದ್ದು ಎರಡು ಡಜನ್ ಕೊಡಿ. ಹಸಿರು ಬಣ್ಣದ ಚೆಂಡು ಅಪ್ಪಿತಪ್ಪಿಯೂ ಬೇಡ. ಮಳೆ ಬಿದ್ದು ಹುಲ್ಲು ಎದ್ದ ಕಾಲಕ್ಕೆ ಕಿತ್ತಳೆ ಅಥವಾ ಹಳದಿ ಒಳ್ಳೆಯದು. ಮಂಜು ಮುಸುಕಿದ ಬೆಳಗ್ಗೆಯೂ ಕಣ್ಣಿಗೆ ಬೀಳುತ್ತದೆ.

ಜೊತೆಗೊಂದು ಅಳಿಸದ ಶಾಯಿಯ ಮಾರ್ಕರ್ ಪೆನ್ನು ಇಡಿ. ಒಂದೇ ಕಂಪನಿಯ ಚೆಂಡನ್ನು ಇಬ್ಬರು ಆಡುತ್ತಿರುತ್ತಾರೆ. ತನ್ನದು ಯಾವುದು ಎಂದು ಹೇಳಲು ಆಗಬೇಕು, ಹಾಗಾಗಿ ಗುರುತು ಹಾಕಿಕೊಳ್ಳಿ ಎಂದು ನಿಯಮವೇ ಹೇಳುತ್ತದೆ. ಎಲ್ಲರೂ ಚುಕ್ಕಿಯೋ ಗೆರೆಯೋ ಹಾಕುತ್ತಾರೆ. ನೀವು ಡಜನ್ ಚೆಂಡಿನ ಮೇಲೂ "ಳ" ಎಂದು ಬರೆದು ಕೊಟ್ಟು ನೋಡಿ. ಇಡೀ ಮೈದಾನದಲ್ಲಿ ಅದಕ್ಕೆ ಇನ್ನೊಬ್ಬ ವಾರಸುದಾರ ಹುಟ್ಟಲಿಕ್ಕಿಲ್ಲ.

ಹೆಸರು ಅಚ್ಚು ಹಾಕಿಸಿದ ಚೆಂಡು ನನಗೆ ಅಷ್ಟು ಇಷ್ಟವಿಲ್ಲ. ಮೊಮ್ಮಗಳ ಹೆಸರಿನ ಚೆಂಡನ್ನು ಕೆರೆಗೆ ಹೊಡೆಯಲು ಯಾರಿಗೆ ಮನಸ್ಸು ಬರುತ್ತದೆ? ಷೋಕೇಸಿನಲ್ಲಿ ಕೂರುತ್ತದೆ.

ಹೆಜ್ಜೆ 4: ಗ್ಲೌಸ್

ಒಳ್ಳೆಯ ಗ್ಲೌಸ್ ಮೆತ್ತನೆಯ ಕುರಿಚರ್ಮದ್ದು, ಕೈಗೆ ಇನ್ನೊಂದು ಚರ್ಮದಂತೆ ಅಂಟಿಕೊಳ್ಳಬೇಕು. ಬೆರಳ ತುದಿಯಲ್ಲಿ ಬಟ್ಟೆ ಸಡಿಲವಾಗಿ ನೇತಾಡಿದರೆ ಸೈಜು ದೊಡ್ಡದು. ಹಳೆಯ ಗ್ಲೌಸ್ ಸಿಗದಿದ್ದರೆ ಹೆಬ್ಬೆರಳು ಬಿಟ್ಟು ಅಂಗೈ ಸುತ್ತಳತೆ, ನಡುಬೆರಳಿನ ಉದ್ದ ಅಳೆದುಕೊಂಡು ಹೋಗಿ, ಅಂಗಡಿಯವರು ಚಾರ್ಟ್ ನೋಡಿ ಹೇಳುತ್ತಾರೆ. ಅಂಗೈ ಅಗಲ, ಬೆರಳು ಗಿಡ್ಡ ಇರುವವರಿಗೆ ಕೆಡೆಟ್ ಎಂಬ ಬೇರೆ ಅಳತೆಯೇ ಇದೆ.

ಚರ್ಮದ ಗ್ಲೌಸ್ ನಮ್ಮ ಮಳೆಗಾಲಕ್ಕೆ ಆಗಿಬರುವುದಿಲ್ಲ. ಒದ್ದೆಯಾಗಿ ಒಣಗಿದರೆ ಒಣ ಹಾಳೆಯಷ್ಟು ಗಡುಸು, ಬ್ಯಾಗಿನಲ್ಲೇ ಮರೆತರೆ ನಾಲ್ಕು ದಿನಕ್ಕೆ ಬಿಳಿ ಬೂಸ್ಟು. ಹಾಗಾಗಿ ಒಂದು ಚರ್ಮದ್ದು, ಜೊತೆಗೆ ಒಂದು ಜೋಡಿ ರೇನ್ ಗ್ಲೌಸ್ ಕೊಡಿ. ಇದು ಬಟ್ಟೆಯದು, ಎರಡೂ ಕೈಗೆ ಬರುತ್ತದೆ, ಒದ್ದೆಯಾದಾಗ ಹಿಡಿತ ಇನ್ನೂ ಬಿಗಿಯಾಗುತ್ತದೆ. ಇಂಥದ್ದೊಂದು ಇದೆ ಎಂದು ಎಷ್ಟೋ ಗಾಲ್ಫರ್‌ಗಳಿಗೇ ಗೊತ್ತಿರುವುದಿಲ್ಲ. ಮಲೆನಾಡಿನವರಿಗೆ ಕೊಡಲು ಇದಕ್ಕಿಂತ ಜಾಣ ಉಡುಗೊರೆ ನನಗಂತೂ ಹೊಳೆಯುತ್ತಿಲ್ಲ.

ಹೆಜ್ಜೆ 5: ಮಳೆಗೆ ಸಿದ್ಧ ಮಾಡಿ

ಆರಿದ್ರಾ ಮಳೆ ಹಿಡಿಯಿತೆಂದರೆ ಬಟ್ಟೆ ಒಣಗಿಸುವುದೇ ನಮಗೆ ದೊಡ್ಡ ಕೆಲಸ. ಅಂಥದ್ದರಲ್ಲಿ ಕಬ್ಬಿಣ, ಚರ್ಮ, ರಬ್ಬರ್ ಮೂರೂ ಇರುವ ಒಂದು ಚೀಲ ಮೂಲೆಯಲ್ಲಿ ಕೂತಿರುತ್ತದೆ. ಬೆಂಗಳೂರಿನವರು ಬರೆದ ಉಡುಗೊರೆ ಪಟ್ಟಿಗಳಲ್ಲಿ ಈ ವಿಷಯ ಬರುವುದೇ ಇಲ್ಲ.

ಮೊದಲನೆಯದು ಬ್ಯಾಗಿನ ಮಳೆ ಹೊದಿಕೆ. ಕ್ಲಬ್‌ಗಳ ತಲೆಯೂ ಮುಚ್ಚುವಂಥ ಟೊಪ್ಪಿ ಇರಬೇಕು, ಪಕ್ಕದ ಜೇಬುಗಳಿಗೆ ಕೈ ಹಾಕಲು ಜಿಪ್ ಇರಬೇಕು. ಎರಡನೆಯದು ತೇವ ಹೀರುವ ಸಿಲಿಕಾ ಪುಟ್ಟ ಪೊಟ್ಟಣಗಳು, ಬ್ಯಾಗಿನ ತಳಕ್ಕೂ ಶೂ ಒಳಗೂ. ಮೂರನೆಯದು ಟವೆಲ್. ದುಬಾರಿ ಮೈಕ್ರೋಫೈಬರ್ ಇದ್ದರೂ ಆದೀತು, ನಮ್ಮ ಹತ್ತಿ ಚೌಕ ನಾಲ್ಕು ಕೊಟ್ಟರೂ ಆದೀತು. ಒಂದು ಒದ್ದೆ ಮಾಡಿ ಕ್ಲಬ್ಬಿನ ಮುಖದ ಮಣ್ಣು ಒರೆಸಲು, ಉಳಿದದ್ದು ಗ್ರಿಪ್ ಒಣಗಿಸಲು.

ಜಾಕೆಟ್ ಕೊಡುವುದಾದರೆ ಬೈಕಿನ ರೇನ್‌ಕೋಟ್ ಥರದ್ದು ಬೇಡ. ಒಳಗೆ ಬೆವರು ಸುರಿಯುತ್ತದೆ, ಕೈ ಮೇಲೆತ್ತಿದರೆ ಹೆಗಲಿಗೆ ಕಚ್ಚುತ್ತದೆ. ಗಾಲ್ಫ್ ಜಾಕೆಟ್ ಬೆನ್ನಿನ ಕಡೆ ಹಿಗ್ಗುತ್ತದೆ, ಹೊಲಿಗೆಗಳಿಗೆ ಒಳಗಿಂದ ಟೇಪ್ ಅಂಟಿಸಿರುತ್ತಾರೆ. "ವಾಟರ್ ರೆಸಿಸ್ಟೆಂಟ್" ಎಂದಿದ್ದರೆ ತುಂತುರಿಗೆ ಮಾತ್ರ. "ವಾಟರ್‌ಪ್ರೂಫ್" ಎಂದೇ ಇರಬೇಕು. ಅಂಗಡಿಯಲ್ಲೇ ಹಾಕಿಕೊಂಡು ಒಮ್ಮೆ ಬೀಸಿ ನೋಡಲು ಹೇಳಿ.

ಶೂ ವಿಷಯದಲ್ಲೂ ನಮ್ಮ ಇಳಿಜಾರು ಲೆಕ್ಕಕ್ಕೆ ಬರುತ್ತದೆ. ಅಡಿಯಲ್ಲಿ ಸ್ಪೈಕ್ (ಮುಳ್ಳು) ಇಲ್ಲದ ಶೂ ಪೇಟೆಗೂ ಹಾಕಿಕೊಂಡು ಹೋಗಬಹುದು, ನೋಡಲೂ ಚೆಂದ. ಆದರೆ ಒದ್ದೆ ಹುಲ್ಲಿನ ಏರಿನಲ್ಲಿ ಪ್ಲಾಸ್ಟಿಕ್ ಸಾಫ್ಟ್ ಸ್ಪೈಕ್ ಇದ್ದದ್ದೇ ವಾಸಿ. ಸವೆದ ಸ್ಪೈಕ್ ಬಿಚ್ಚಿ ಹೊಸದು ಹಾಕಬಹುದು, ಆ ಸ್ಪೈಕ್ ಸೆಟ್ಟೇ ಒಂದು ಉಡುಗೊರೆ. ಲೋಹದ ಸ್ಪೈಕ್‌ಗಳನ್ನು ಬಹಳಷ್ಟು ಮೈದಾನಗಳು ಒಳಗೆ ಬಿಡುವುದಿಲ್ಲ. ಮಳೆಗಾಲದಲ್ಲಿ ಚೆಂಡು ಹುಡುಕಲು ಪೊದೆಗೆ ನುಗ್ಗುವವರಿಗೆ ಮೊಣಕಾಲಿನವರೆಗೆ ಬರುವ ಇಂಬಳದ ಕಾಲುಚೀಲ ಒಂದು ಜೊತೆ ಸೇರಿಸಿ. ನಗುತ್ತಾ ತೆಗೆದುಕೊಳ್ಳುತ್ತಾರೆ, ಹಾಕಿಕೊಂಡೇ ಹೋಗುತ್ತಾರೆ.

ಕೊಡೆ ಕೊಡುವಾಗ ಒಂದು ಎಚ್ಚರ. ಗಾಲ್ಫ್ ಕೊಡೆ ದೊಡ್ಡದು, ಗಾಳಿಗೆ ಮಗುಚದಂತೆ ಎರಡು ಪದರ ಇರುತ್ತದೆ. ಫೈಬರ್ ಕಡ್ಡಿಯದ್ದನ್ನೇ ಆರಿಸಿ. ಹಾಗಂತ ಗುಡುಗು ಕೇಳಿದ ಮೇಲೂ ಅದನ್ನು ಹಿಡಿದು ಬಯಲಲ್ಲಿ ನಿಲ್ಲುವಂತಿಲ್ಲ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲು ಹೇಗಿರುತ್ತದೆ ಅಂತ ನಮಗೆ ಹೇಳಿಕೊಡಬೇಕಿಲ್ಲ. ಸಿಡಿಲಿನ ಭಯ ಇದ್ದರೆ ಆಟಗಾರ ತಾನೇ ಆಟ ನಿಲ್ಲಿಸಬಹುದು, ನಿಯಮದಲ್ಲಿ ಅದಕ್ಕೆ ದಂಡ ಇಲ್ಲ.

ಮನೆಗೆ ಬಂದ ಮೇಲೆ ಒದ್ದೆ ಉಣ್ಣೆ ಟೊಪ್ಪಿಗಳನ್ನು ಕ್ಲಬ್ಬಿನ ತಲೆಯಿಂದ ತೆಗೆದಿಡಿ, ಅದರೊಳಗೇ ತುಕ್ಕು ಶುರುವಾಗುವುದು. ಬೇಗ ಒಣಗಲಿ ಎಂದು ಬಚ್ಚಲೊಲೆಯ ಪಕ್ಕ ಮಾತ್ರ ಇಡಬೇಡಿ. ಕ್ಲಬ್ಬಿನ ತಲೆಯನ್ನು ಶಾಫ್ಟಿಗೆ ಹಿಡಿದಿರುವುದು ಎಪಾಕ್ಸಿ ಅಂಟು, ಅದಕ್ಕೆ ಜೋರು ಬಿಸಿ ಆಗದು. ಫ್ಯಾನ್ ಗಾಳಿ ಸಾಕು.

ಹೆಜ್ಜೆ 6: ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ

ಟೀಗಳ (ಚೆಂಡನ್ನು ಮೇಲೆ ಕೂರಿಸಿ ಹೊಡೆಯುವ ಮರದ ಕಡ್ಡಿಗಳ) ಪೊಟ್ಟಣ, ಗ್ರೀನ್ ಮೇಲಿನ ಕುಳಿ ಸರಿಮಾಡುವ ಪುಟ್ಟ ಫೋರ್ಕ್, ಸನ್‌ಸ್ಕ್ರೀನ್, ಟೊಪ್ಪಿ. ಇವೆಲ್ಲ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತವೆ.

ಕಡಿಮೆ ಖರ್ಚಿನಲ್ಲಿ ಚೆಂದದ್ದೊಂದು ಬೇಕೆಂದರೆ ಶಿವಮೊಗ್ಗದ ಗಾಂಧಿ ಬಜಾರಿನ ಬೆಳ್ಳಿ ಅಂಗಡಿಗೆ ಹೋಗಿ. ಗ್ರೀನ್ ಮೇಲೆ ಚೆಂಡು ಎತ್ತಿಕೊಳ್ಳುವಾಗ ಅದು ಇದ್ದ ಜಾಗಕ್ಕೆ ಒಂದು ಗುರುತು ಇಡಬೇಕು, ಬಾಲ್ ಮಾರ್ಕರ್. ಎರಡು ಇಂಚು ಅಗಲ, ಒಂದು ಇಂಚು ಎತ್ತರ ಮೀರಬಾರದು, ಅಷ್ಟೇ. ನಾಣ್ಯವೂ ನಡೆಯುತ್ತದೆ. ಲಕ್ಷ್ಮಿ ಚಿತ್ರದ ಬೆಳ್ಳಿ ನಾಣ್ಯ ಬೇಡ, ನೆಲಕ್ಕೆ ಇಡುವ ವಸ್ತು, ಮನೆಯಲ್ಲಿ ಹಿರಿಯರು ಒಪ್ಪುವುದಿಲ್ಲ. ಬರಿ ನಾಣ್ಯಕ್ಕೆ ಹೆಸರಿನ ಅಕ್ಷರ ಕೆತ್ತಿಸಿ.

ಹೆಜ್ಜೆ 7: ಕೈ ಧಾರಾಳ ಇದ್ದರೆ, ದೂರ ಅಳೆಯುವ ಯಂತ್ರ

ಲೇಸರ್ ರೇಂಜ್‌ಫೈಂಡರ್ ಕಣ್ಣಿಗೆ ಹಿಡಿದರೆ ಹೋಲಿನಲ್ಲಿ ನೆಟ್ಟ ಧ್ವಜದವರೆಗಿನ ದೂರ ಹೇಳುತ್ತದೆ. ಸ್ಲೋಪ್ ಇರುವ ಮಾದರಿ ಏರಿಳಿತವನ್ನೂ ಲೆಕ್ಕ ಹಾಕುತ್ತದೆ. ನಮ್ಮ ಗುಡ್ಡಗಳಲ್ಲಿ ಅಭ್ಯಾಸಕ್ಕೆ ಅದು ಬಲು ಉಪಯೋಗಿ. ಆದರೆ ಸ್ಪರ್ಧೆಯಲ್ಲಿ ಏರಿಳಿತ ಅಳೆಯುವಂತಿಲ್ಲ, ಹಾಗಾಗಿ ಸ್ಲೋಪ್ ಆಫ್ ಮಾಡುವ ಗುಂಡಿ ಇರುವುದನ್ನೇ ತನ್ನಿ. ದಟ್ಟ ಮಂಜಿನಲ್ಲಿ ಲೇಸರ್ ತಡವರಿಸುತ್ತದೆ. ಜಿಪಿಎಸ್ ವಾಚಿಗೆ ಆ ತೊಂದರೆ ಇಲ್ಲ. ಅದರಲ್ಲಿ ಅವರು ಆಡುವ ಮೈದಾನದ ನಕ್ಷೆ ಇದೆಯಾ ಎಂದು ಮಾತ್ರ ಕೊಳ್ಳುವ ಮುಂಚೆಯೇ ಕಂಪನಿಯ ಪಟ್ಟಿಯಲ್ಲಿ ನೋಡಿಕೊಳ್ಳಿ.

ಹೆಜ್ಜೆ 8: ಹೊಸಬರು, ಮಕ್ಕಳು

ಈಗಷ್ಟೇ ಶುರು ಮಾಡಿದವರಿಗೆ 14 ಕ್ಲಬ್ ಯಾಕೆ? ಅರ್ಧ ಸೆಟ್ ಸಾಕು: ದೂರ ಹೊಡೆಯಲು ಒಂದು ವುಡ್ ಅಥವಾ ಹೈಬ್ರಿಡ್, ನಡುವಿನ ದೂರಕ್ಕೆ ಮೂರ್ನಾಲ್ಕು ಐರನ್, ಗ್ರೀನ್ ಹತ್ತಿರದ ಸಣ್ಣ ಹೊಡೆತಕ್ಕೆ ಒಂದು ವೆಜ್, ಒಂದು ಪಟ್ಟರ್. ಡೆಕಾಥ್ಲಾನ್‌ನವರ ಇನೆಸಿಸ್ ಬ್ರ್ಯಾಂಡ್ ಈ ಲೆಕ್ಕದಲ್ಲಿ ಕೈಗೆಟುಕುತ್ತದೆ. ಸೆಕೆಂಡ್‌ಹ್ಯಾಂಡ್ ಸೆಟ್ ಕೊಳ್ಳುವುದಾದರೆ ಶಾಫ್ಟಿನ ಮೇಲೆ ಬೆರಳಾಡಿಸಿ ತಗ್ಗು, ಬಿರುಕು ನೋಡಿ. ತಲೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕಟಕಟ ಸದ್ದು ಬಂದರೆ ಬಿಟ್ಟುಬಿಡಿ. ವೆಜ್ ಮುಖದ ಗೆರೆಗಳು ಉಗುರಿಗೆ ತಾಗಬೇಕು. ಗ್ರಿಪ್ ಹಾಳಾಗಿದ್ದರೆ ಚಿಂತೆ ಇಲ್ಲ, ಅದನ್ನು ಹೇಳಿ ಬೆಲೆ ಇಳಿಸಿ. ದೊಡ್ಡ ಬ್ರ್ಯಾಂಡಿನ ಹೊಸ ಸೆಟ್ ಅರ್ಧ ಬೆಲೆಗೆ ಕೊಡುತ್ತೇನೆ ಎಂದರೆ ನಕಲಿ ಅಂತಲೇ ಅಂದುಕೊಳ್ಳಿ. ಗಾಲ್ಫ್ ಕ್ಲಬ್‌ಗಳಲ್ಲಿ ನಕಲಿ ಮಾಲು ಬೇಕಾದಷ್ಟಿದೆ.

ಮಕ್ಕಳಿಗೆ ಅಪ್ಪನ ಹಳೆಯ ಕ್ಲಬ್ ಕತ್ತರಿಸಿ ಕೊಡಬೇಡಿ. ಗಿಡ್ಡ ಮಾಡಿದಷ್ಟೂ ಶಾಫ್ಟ್ ಗಡುಸಾಗುತ್ತದೆ, ತಲೆಯ ಭಾರ ಹಾಗೇ ಉಳಿಯುತ್ತದೆ. ವಯಸ್ಸು ನೋಡದೆ ಎತ್ತರ ಅಳೆದು ಮಕ್ಕಳ ಸೆಟ್ ತನ್ನಿ. ಜೊತೆಗೆ ಸ್ಪಂಜಿನ ಚೆಂಡು. ಅಂಗಳದಲ್ಲಿ ನಿಜವಾದ ಚೆಂಡು ಕೊಟ್ಟರೆ ಪಕ್ಕದ ಮನೆಯ ಹಂಚಿಗೆ ನೀವೇ ಜವಾಬ್ದಾರಿ.

ಪಟ್ಟಿಂಗ್ ಅಭ್ಯಾಸಕ್ಕೆ ಹತ್ತಡಿಯ ಮ್ಯಾಟ್ ಸಿಗುತ್ತದೆ. ನಮ್ಮ ಹಳೆಯ ಮನೆಗಳ ಉದ್ದ ಜಗಲಿಗೆ ಹೇಳಿ ಮಾಡಿಸಿದ್ದು. ಹೋಲಿನ ಅಗಲ 108 ಮಿ.ಮೀ. ಅದಕ್ಕಿಂತ ಸಣ್ಣ ಬಾಯಿಯ ಚೊಂಬು ಅಡ್ಡ ಮಲಗಿಸಿ ಅದಕ್ಕೆ ಹೊಡೆದು ಅಭ್ಯಾಸ ಮಾಡಿದರೆ ಮೈದಾನದ ಹೋಲ್ ದೊಡ್ಡದಾಗಿ ಕಾಣುತ್ತದೆ.

ಹೆಜ್ಜೆ 9: ಸಾಮಾನೇ ಬೇಡ ಎನ್ನುವವರಿಗೆ

ಎಲ್ಲ ಇರುವವರಿಗೆ ಒಂದು ಸುತ್ತು ಆಟವನ್ನೇ ಕೊಡಿ. ಚಿಕ್ಕಮಗಳೂರಿನಲ್ಲಿ ಕಾಫಿ ಸೀಮೆಯ ನಡುವೆಯೇ ಗಾಲ್ಫ್ ಮೈದಾನ ಇದೆ, ಶಿವಮೊಗ್ಗದಿಂದ ತರೀಕೆರೆ ಮೇಲೆ ಬೆಳಗ್ಗೆ ಬೇಗ ಹೊರಟರೆ ಆಟಕ್ಕೆ ಹೊತ್ತಾಗುವುದಿಲ್ಲ. ಕೊಡಗಿನಲ್ಲಿ ವಿರಾಜಪೇಟೆ ಹತ್ತಿರ ಬಿಟ್ಟಂಗಾಲದಲ್ಲಿ ಒಂದಿದೆ. ಘಟ್ಟ ಇಳಿದರೆ ಮಂಗಳೂರಿನ ಪಿಲಿಕುಳ. ಸದಸ್ಯರಲ್ಲದವರನ್ನು ಯಾವ ದಿನ ಬಿಡುತ್ತಾರೆ, ಗ್ರೀನ್ ಫೀ (ಆಡುವ ಶುಲ್ಕ) ಎಷ್ಟು, ಬ್ಯಾಗ್ ಹೊರುವ ಕ್ಯಾಡಿಗೆ ಎಷ್ಟು, ಕಾಲರ್ ಇರುವ ಶರ್ಟ್ ಕಡ್ಡಾಯವೇ, ಇವನ್ನೆಲ್ಲ ಮೊದಲೇ ಫೋನ್ ಮಾಡಿ ಕೇಳಿ. ಸ್ಪರ್ಧೆ ಇರುವ ಭಾನುವಾರ ಹೋಗಿ ನಿಂತರೆ ಆಡಲು ಸಿಗುವುದಿಲ್ಲ.

ತರಬೇತುದಾರರ ಬಳಿ ನಾಲ್ಕೈದು ಪಾಠಕ್ಕೆ ದುಡ್ಡು ಕಟ್ಟಿಕೊಡುವುದು ಇನ್ನೂ ಒಳ್ಳೆಯದು. ಅವರು ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾದ ಪ್ರಮಾಣಪತ್ರ ಪಡೆದವರಾ ಎಂದು ವಿಚಾರಿಸಿ. ಹೆಂಡತಿಗೆ ಗಂಡನೋ ಗಂಡನಿಗೆ ಹೆಂಡತಿಯೋ ಪಾಠ ಕೊಡಿಸುವಾಗ ಮಾತ್ರ ಸ್ವಲ್ಪ ನಾಜೂಕು. "ನಿನಗೆ ಆಡಲು ಬರಲ್ಲ" ಅಂದಂತೆ ಕೇಳಬಾರದು. ಇಬ್ಬರಿಗೂ ಸೇರಿಸಿ ಕಟ್ಟಿದರೆ ಜಗಳ ಇಲ್ಲ.

ಹೆಜ್ಜೆ 10: ಬಿಲ್ ಮತ್ತು ಸಾಗಣೆ

ಬಿಲ್ ಇಸಿದುಕೊಳ್ಳಿ, ಬದಲಾಯಿಸಿ ಕೊಡುವ ಗಡುವು ಎಷ್ಟು ದಿನ ಎಂದು ಕೇಳಿ. ಹುಟ್ಟುಹಬ್ಬಕ್ಕೆ ತಿಂಗಳ ಮೊದಲೇ ತಂದಿಟ್ಟರೆ ಆ ಗಡುವು ಬೀರುವಿನಲ್ಲೇ ಮುಗಿಯುತ್ತದೆ. ಡಬ್ಬಿಯ ಸೀಲ್ ಒಡೆದ ಚೆಂಡು, ಒಮ್ಮೆ ಹಾಕಿ ನೋಡಿದ ಗ್ಲೌಸ್ ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ.

ಬೆಂಗಳೂರಿನಿಂದ ಸೆಟ್ ತರುವುದಾದರೆ ರೈಲು ವಾಸಿ, ಬ್ಯಾಗನ್ನು ಸೀಟಿನ ಕೆಳಗೆ ಮಲಗಿಸಿಕೊಂಡು ಬರಬಹುದು. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ಬರುವವರು ಕ್ಲಬ್‌ಗಳನ್ನು ಕ್ಯಾಬಿನ್ನಿಗೆ ಒಯ್ಯುವಂತಿಲ್ಲ, ಭದ್ರತಾ ತಪಾಸಣೆಯಲ್ಲಿ ತಡೆಯುತ್ತಾರೆ. ಚೆಕ್-ಇನ್ ಲಗೇಜಿಗೇ ಹಾಕಬೇಕು. ತುಂಬಿದ ಬ್ಯಾಗ್ ಸುಲಭವಾಗಿ 12 ಕೆ.ಜಿ. ದಾಟುತ್ತದೆ, ಬಟ್ಟೆಬರೆಯೂ ಸೇರಿದರೆ ಟಿಕೆಟಿನ ಮಿತಿ ಮೀರಬಹುದು. ಮನೆಯಲ್ಲೇ ತೂಗಿ ನೋಡಿ. ತಲೆಗಳ ನಡುವೆ ಟವೆಲ್ ತುರುಕಿ, ಅತಿ ಉದ್ದದ ಕ್ಲಬ್‌ಗಿಂತ ಒಂದು ಇಂಚು ಎತ್ತರದ ಗಟ್ಟಿ ಕೋಲೊಂದನ್ನು ನಡುವೆ ನಿಲ್ಲಿಸಿ. ಬ್ಯಾಗ್ ತಲೆಕೆಳಗಾಗಿ ಬಿದ್ದರೂ ಪೆಟ್ಟು ಮೊದಲು ಕೋಲಿಗೆ ತಾಗುತ್ತದೆ.